ಮಿಷನ್ ಇಂಪಾಸಿಬಲ್: ಇದು ಐದು ಜನರ ಕಥೆಯಾ, ಒಬ್ಬ ಓಡುವವನ ಕಥೆಯಾ?

ಹಳೇ ಪ್ರೊಜೆಕ್ಟರ್

ಕಾಲು ಉಳುಕಿ ಹದಿನೈದು ದಿನ ಮಂಚ ಬಿಟ್ಟು ಏಳಲಿಲ್ಲ. ಬೇರೆಯವರು ಓಡುವುದನ್ನು ನೋಡಲು ಇದಕ್ಕಿಂತ ಒಳ್ಳೆ ಸಮಯ ಎಲ್ಲಿ ಸಿಗುತ್ತೆ? ಗೂಢಚಾರರ ಕಥೆಯ ‘ಮಿಷನ್ ಇಂಪಾಸಿಬಲ್’ ಸಿನಿಮಾಗಳನ್ನು 1996ರ ಮೊದಲನೆಯದರಿಂದ 2025ರ ‘ದಿ ಫೈನಲ್ ರೆಕನಿಂಗ್’ವರೆಗೆ ಎಂಟನ್ನೂ ಸಾಲಾಗಿ ನೋಡಿ ಮುಗಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ಚಟ ಹತ್ತಿ 1966ರ ಟಿವಿ ಸರಣಿಗೂ ಕೈ ಹಾಕಿದೆ. ಮೊದಲ ಸೀಸನ್ ಪೂರ್ತಿ ಆಗಿದೆ, ಎರಡನೆಯದು ಅರ್ಧಕ್ಕೆ ಬಂದಿದೆ.

ಈಗ ನನ್ನ ತಕರಾರು ಕೇಳಿ. ಎರಡಕ್ಕೂ ಹೆಸರು ಒಂದೇ, ಸಂಗೀತ ಒಂದೇ, ಚುರುಚುರು ಉರಿಯುವ ಬತ್ತಿ ಒಂದೇ. ಕಥೆ ಮಾತ್ರ ಬೇರೆ ಮನೆಯದು.

ಟಿವಿಯಲ್ಲಿ ಏನಾಗುತ್ತೆ? ತಂಡದ ನಾಯಕ ಯಾವುದೋ ಮೂಲೆಗೆ ಹೋಗಿ ಆದೇಶದ ಟೇಪ್ ಕೇಳುತ್ತಾನೆ. ಟೇಪ್ ಹೊಗೆಯಾಡಿ ಸುಟ್ಟುಹೋಗುತ್ತೆ. ಮನೆಗೆ ಬಂದು ಒಂದು ಫೋಲ್ಡರ್ ತೆಗೆದು, ಫೋಟೋಗಳನ್ನು ಒಂದೊಂದಾಗಿ ಟೇಬಲ್ ಮೇಲೆ ಹಾಕುತ್ತಾನೆ. ವೇಷ ಹಾಕುವ ನಟ. ಮಾಡೆಲ್ ಹೆಂಗಸು. ವೈರು, ಸರ್ಕ್ಯೂಟು ಬಲ್ಲವನು. ಭಾರ ಎತ್ತುವ ಪೈಲ್ವಾನ. ಆಮೇಲೆ ಐವತ್ತು ನಿಮಿಷ ಇವರೆಲ್ಲ ಸೇರಿ ಒಬ್ಬ ಖದೀಮನಿಗೆ ಟೋಪಿ ಹಾಕುತ್ತಾರೆ. ಅದೂ ಹೇಗೆ, ಟೋಪಿ ಬಿದ್ದದ್ದು ಅವನಿಗೇ ಗೊತ್ತಾಗಬಾರದು. ಗುಂಡು ಹಾರುವುದು ಕಡಿಮೆ. ಕೆಲಸ ಮುಗಿದರೆ ಗಾಡಿ ಹತ್ತಿ ಹೊರಟೇ ಹೋದರು. ಅಪ್ಪುಗೆ ಇಲ್ಲ, ಕಣ್ಣೀರು ಇಲ್ಲ. ಇದನ್ನು ಹುಟ್ಟುಹಾಕಿದ ಬ್ರೂಸ್ ಗೆಲ್ಲರ್‌ಗೆ ಪಾತ್ರಗಳ ಸ್ವಂತ ಬದುಕು ತೋರಿಸುವುದೇ ಇಷ್ಟ ಇರಲಿಲ್ಲ.

ಸಿನಿಮಾಗೆ ಬಂದರೆ ಟಾಮ್ ಕ್ರೂಸ್ ಮಾಡುವ ಈಥನ್ ಹಂಟ್ ಒಬ್ಬನೇ ಗಡಿಯಾರ ನೋಡಿಕೊಂಡು ಓಡುತ್ತಾನೆ. ಉಳಿದವರು ಕಿವಿಯಲ್ಲಿ ‘ಎಡಕ್ಕೆ ತಿರುಗು’ ಅಂತಾರೆ.

ನನಗೆ ಇದು ಮೋಸ ಅನಿಸಿದೆ. ನಿಮಗೆ?

ತಿಪಟೂರು ಎಕ್ಸ್‌ಪ್ರೆಸ್

ಸರ್, ಕಾಲು ಬೇಗ ವಾಸಿಯಾಗಲಿ. ಆದರೆ ಈ ಮಾತು ಒಪ್ಪೋದಿಲ್ಲ.

2018ರ ‘ಫಾಲ್‌ಔಟ್’ನಲ್ಲಿ ಲಂಡನ್ನಿನ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವಾಗ ಟಾಮ್ ಕ್ರೂಸ್ ಪಾದದ ಗಂಟು ನಿಜವಾಗಿ ಮುರಿಯಿತು. ಗೋಡೆಗೆ ಕಾಲು ಬಡಿದು ಮಡಚಿಕೊಳ್ಳೋದು ಸಿನಿಮಾದಲ್ಲೇ ಇದೆ. ಅಷ್ಟಾದ ಮೇಲೂ ಮನುಷ್ಯ ಮೇಲೆ ಹತ್ತಿ, ಕುಂಟುತ್ತಾ ಕ್ಯಾಮೆರಾ ದಾಟಿ ಹೋಗಿದ್ದಾನೆ. ನೀವು ಉಳುಕಿದ್ದಕ್ಕೆ ಹದಿನೈದು ದಿನ ಮಲಗಿದ್ರಿ!

ತಮಾಷೆ ಬಿಡಿ. 2023ರ ಸಿನಿಮಾಗೆ ನಾರ್ವೆಯ ಬೆಟ್ಟದಿಂದ ಬೈಕ್ ಸಮೇತ ಹಾರಿದ್ದು ಒಂದು ಸಲ ಅಲ್ಲ, ಆರು ಸಲ. ಪ್ರಪಂಚದಲ್ಲಿ ಎಲ್ಲರೂ ಹಸಿರು ಪರದೆ ಮುಂದೆ ನಿಂತು ‘ಆ’ ‘ಊ’ ಅಂತಿರುವಾಗ ಒಬ್ಬ ಮನುಷ್ಯ ನಿಜವಾಗಿ ಬೀಳ್ತಾನೆ. ಜನ ಟಿಕೆಟ್ ತಗೊಳ್ಳೋದು ಅದಕ್ಕೆ. ಫೋಲ್ಡರ್‌ನಿಂದ ಫೋಟೋ ತೆಗೆಯೋದನ್ನ ನೋಡೋಕೆ ಯಾರು ಬರ್ತಾರೆ ಸರ್?

ಕ್ಯಾಲಿಫೋರ್ನಿಯಾ ಅಜ್ಜ

ನಾನು ಬರುತ್ತಿದ್ದೆನಪ್ಪಾ.

1971ರಲ್ಲಿ ಎಂ.ಎಸ್. ಮಾಡಲು ಇಲ್ಲಿಗೆ ಬಂದವನು ನಾನು. ನಾಲ್ಕು ಜನ ಹುಡುಗರು, ಒಂದು ಬಾಡಿಗೆ ಮನೆ, ಹಿಂದಿನ ಬಾಡಿಗೆದಾರ ಬಿಟ್ಟುಹೋದ ಒಂದು ಟಿವಿ. ಶನಿವಾರ ರಾತ್ರಿ ಅನ್ನ ಸಾರು ತಟ್ಟೆಗೆ ಹಾಕಿಕೊಂಡು ಅದರ ಮುಂದೆ ಕೂತರೆ ಮುಗಿಯುವವರೆಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಮಾತಾಡಿದರೆ ಕಥೆ ತಪ್ಪಿಹೋಗುತ್ತಿತ್ತು. ವೈರು, ಸರ್ಕ್ಯೂಟಿನ ಬಾರ್ನಿ ಎಲ್ಲಿ ತೂತು ಕೊರೆದ, ಯಾವ ವೈರು ಎಲ್ಲಿಗೆ ಹೋಯಿತು ಅನ್ನುವುದು ಒಂದು ಕ್ಷಣ ತಪ್ಪಿದರೂ ಕೊನೆಯ ಮಜಾ ಹೋಯಿತು. ಇಂಜಿನಿಯರಿಂಗ್ ಓದುತ್ತಿದ್ದ ನಮಗೆ ಬಾರ್ನಿ ಕಾಲಿಯರ್ರೇ ಹೀರೋ. ಗ್ರೆಗ್ ಮಾರಿಸ್ ಆ ಪಾತ್ರ ಮಾಡುತ್ತಿದ್ದುದು. ಆ ಕಾಲದ ಅಮೆರಿಕದ ಟಿವಿಯಲ್ಲಿ ಒಬ್ಬ ಕಪ್ಪು ಮನುಷ್ಯ ತಂಡದ ಅತಿ ಬುದ್ಧಿವಂತ. ಅದನ್ನು ದೊಡ್ಡದು ಮಾಡಿ ಹೇಳಿಕೊಳ್ಳದೆ ಸುಮ್ಮನೆ ತೋರಿಸುತ್ತಿದ್ದರು. ಹೊಸದಾಗಿ ಬಂದಿಳಿದ ನಮ್ಮಂಥ ಕಂದು ಬಣ್ಣದ ಹುಡುಗರಿಗೆ ಅದು ಏನು ಅನ್ನುವುದು ಈಗಿನವರಿಗೆ ಹೇಳಿದರೆ ತಿಳಿಯುವುದು ಕಷ್ಟ.

ಇನ್ನೊಂದು ಮಾತು. ಹಳೇ ಪ್ರೊಜೆಕ್ಟರ್ ಅವರೇ, ನೀವು ನೋಡಿದ ಮೊದಲ ಸೀಸನ್ನಿನ ನಾಯಕ ಡ್ಯಾನ್ ಬ್ರಿಗ್ಸ್. ಸ್ಟೀವನ್ ಹಿಲ್ ಮಾಡಿದ್ದು. ಆತ ಕಟ್ಟಾ ಯಹೂದಿ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶೂಟಿಂಗ್ ಮಾಡುವುದಿಲ್ಲ ಅಂದರೆ ಮಾಡುವುದಿಲ್ಲ. ಒಂದೇ ವರ್ಷಕ್ಕೆ ಆತ ಹೋಗಿ ಪೀಟರ್ ಗ್ರೇವ್ಸ್ ಬಂದರು, ಜಿಮ್ ಫೆಲ್ಪ್ಸ್ ಆಗಿ. ನಾಯಕ ಬದಲಾದರೂ ಸರಣಿ ಒಂದಿಷ್ಟೂ ಅಲುಗಾಡಲಿಲ್ಲ, 1973ರವರೆಗೆ 171 ಕಂತು ನಡೆಯಿತು. ಟಾಮ್ ಕ್ರೂಸ್‌ನನ್ನು ತೆಗೆದು ಬೇರೆಯವನನ್ನು ಹಾಕಿ ನೋಡೋಣ, ಎಷ್ಟು ದಿನ ನಿಲ್ಲುತ್ತೆ?

ಹಳೇ ಪ್ರೊಜೆಕ್ಟರ್

ಅಜ್ಜ, ನಾನು ಒಂದು ಪುಟದಲ್ಲಿ ಹೇಳಲು ಒದ್ದಾಡಿದ್ದನ್ನು ನೀವು ಕೊನೆಯ ಎರಡು ಸಾಲಿನಲ್ಲಿ ಹೇಳಿಬಿಟ್ಟಿರಿ.

ತಿಪಟೂರು ಎಕ್ಸ್‌ಪ್ರೆಸ್

ಅಜ್ಜ ಬಂದ ಮೇಲೆ ನನ್ನ ಕಡೆಗೆ ಒಬ್ಬರೂ ಉಳಿಯಲ್ಲ ಬಿಡಿ. ಆದರೂ ಕೇಳ್ತೀನಿ. ಬೇರೆಯವನನ್ನು ಹಾಕಿದರೆ ನಿಲ್ಲೋದಿಲ್ಲ ಅನ್ನೋದು ಬೈಗುಳವಾ, ಹೊಗಳಿಕೆಯಾ?

ಮೃದಂಗದ ಮನೆ

ಸಿನಿಮಾ ಜಗಳ ನೀವು ಆಡಿಕೊಳ್ಳಿ, ನಾನು ಸಂಗೀತದ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ನಮ್ಮ ಮನೆಯಲ್ಲಿ ಪಾಠಕ್ಕೆ ಬರುವ ಮಕ್ಕಳಿಗೆ ಐದರ ನಡೆ ತಲೆಗೆ ಹೋಗದಿದ್ದಾಗ ನಾನು ಇದನ್ನೇ ಹಿಡಿಯುವುದು. ಟೇಬಲ್ ಮೇಲೆ ಕೈ ಇಟ್ಟು ಹೇಳಿ ನೋಡಿ: ತಕಿಟ ತಕಿಟ ತಕ ತಕ. ತಕಿಟ ತಕಿಟ ತಕ ತಕ. ಪ್ರತಿ ‘ತ’ಕ್ಕೂ ಒಂದು ಪೆಟ್ಟು ಕೊಡಿ. ಬಂತಲ್ಲ? ಡಂ, ಡಂ, ಡಂ ಡಂ. ಮೂರು, ಮೂರು, ಎರಡು, ಎರಡು, ಒಟ್ಟು ಹತ್ತು ಮಾತ್ರೆ. ಪಾಶ್ಚಾತ್ಯ ಲೆಕ್ಕದಲ್ಲಿ ಐದು ಪೆಟ್ಟಿನ ಅಳತೆ. ಖಂಡ ಚಾಪು ತಾಳದ ತಕ ತಕಿಟ ಅಲ್ಲ ಇದು. ಅದೇ ಹತ್ತನ್ನು ಬೇರೆ ಥರ ಒಡೆದದ್ದು. ಮಕ್ಕಳು ಐದು ನಿಮಿಷದಲ್ಲಿ ಹಿಡಿದುಬಿಡುತ್ತಾರೆ. ಆಮೇಲೆ ಹದಿನೈದು ದಿನ ಊಟದ ತಟ್ಟೆ ಮೇಲೆ ಬಾರಿಸಿ ತಾಯಂದಿರ ಬೈಗುಳ ನನಗೆ ತಲುಪಿಸುತ್ತಾರೆ.

ಮಾಡಿದವರು ಲಾಲೋ ಶಿಫ್ರಿನ್, ಅರ್ಜೆಂಟೀನಾದಲ್ಲಿ ಹುಟ್ಟಿದವರು. ಎರಡು ಉದ್ದ, ಎರಡು ಗಿಡ್ಡ ಅನ್ನುವುದನ್ನು ಮೋರ್ಸ್ ಕೋಡಿನಲ್ಲಿ ಓದಿದರೆ ಎಂ ಮತ್ತು ಐ ಆಗುತ್ತೆ. ಸರಣಿಯ ಇನಿಷಿಯಲ್ಲೇ ತಾಳ!

1996ರ ಸಿನಿಮಾಗೆ ಯು2 ತಂಡದ ಇಬ್ಬರು ಇದನ್ನು ಕುಣಿಯೋ ಹಾಡು ಮಾಡಲು ಹೊರಟು ನಾಲ್ಕಕ್ಕೆ ಇಳಿಸಿಬಿಟ್ಟರು. ಐದಕ್ಕೆ ಹೆಜ್ಜೆ ಹಾಕುವುದು ಡಿಸ್ಕೋದಲ್ಲಿ ಕಷ್ಟ ತಾನೇ. ಪ್ರೊಜೆಕ್ಟರ್ ಅವರ ತಕರಾರಿಗೆ ನನ್ನ ಸಾಕ್ಷಿ ಇದು. ಟಿವಿಯಿಂದ ಸಿನಿಮಾಗೆ ಬಂದಾಗ ತಾಳದಲ್ಲೇ ಒಂದು ಪೆಟ್ಟು ಕಡಿಮೆಯಾಯಿತು.

ಶಿಫ್ರಿನ್ 2025ರ ಜೂನ್‌ನಲ್ಲಿ ತೀರಿಕೊಂಡರು. ಕೊನೆಯ ಸಿನಿಮಾ ಬಂದು ಒಂದು ತಿಂಗಳು ಕಳೆದಿತ್ತು ಅಷ್ಟೆ.

ಪೇಡೆ ಪ್ರಿಯ

ಅಕ್ಕಾರ, ಆಫೀಸಿನಾಗ ಕುಂತು ಟೇಬಲ್ ಬಡಿದೆ. ಪಕ್ಕದ ಸೀಟಿನವರು ‘ಏನ್ರೀ, ಪ್ರಮೋಷನ್ ಬಂತೇನು’ ಅಂತ ಕೇಳಿದರು.

ಜಾಯ್‌ಸ್ಟಿಕ್ ಜಗಳಗಂಟ

ಗೇಮ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ ಯಾಕೆ? ತಂಡ ಹೋಗಿ ಒಬ್ಬನಾದ ಕಥೆ ಗೇಮ್‌ಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ.

1990ರಲ್ಲಿ ಕೊನಾಮಿ ಕಂಪನಿ ಹಳೇ ನಿಂಟೆಂಡೊಗೆ ಒಂದು ಗೇಮ್ ಮಾಡಿತ್ತು. 1988ರಲ್ಲಿ ಟಿವಿ ಸರಣಿ ಮತ್ತೆ ಶುರುವಾಗಿ ಎರಡು ಸೀಸನ್ ನಡೆಯಿತಲ್ಲ, ಅದರ ಮೇಲೆ ಮಾಡಿದ್ದು. ಅದರಲ್ಲಿ ಮೂರು ಜನ ಏಜೆಂಟರು: ಮ್ಯಾಕ್ಸ್, ಗ್ರಾಂಟ್, ನಿಕೊಲಸ್. ಯಾವಾಗ ಬೇಕಾದರೂ ಒಬ್ಬನಿಂದ ಇನ್ನೊಬ್ಬನಿಗೆ ಬದಲಾಯಿಸಬಹುದು. ಹೊಡೆದಾಟಕ್ಕೆ ಒಬ್ಬ, ಬಾಗಿಲು ತೆಗೆಯೋದಕ್ಕೆ ಒಬ್ಬ, ವೇಷಕ್ಕೆ ಒಬ್ಬ. ಅಂದರೆ ಫೋಟೋ ಫೋಲ್ಡರ್ ನಿಮ್ಮ ಕೈಲಿ. ವಿಪರೀತ ಕಷ್ಟದ ಗೇಮ್ ಅದು.

1998ರಲ್ಲಿ ನಿಂಟೆಂಡೊ 64ಕ್ಕೆ ಇನ್‌ಫೋಗ್ರಾಮ್ಸ್ ಇನ್ನೊಂದು ಮಾಡಿತು, ಮರುವರ್ಷ ಪ್ಲೇಸ್ಟೇಷನ್‌ಗೂ ಬಂತು. ನಾನು ಆಡಿದ್ದು ಪ್ಲೇಸ್ಟೇಷನ್ನಿನದು, ನಮ್ಮ ಏರಿಯಾದ ಗೇಮ್ ಪಾರ್ಲರಿನಲ್ಲಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು. ಅದರಲ್ಲಿ ಈಥನ್ ಹಂಟ್ ಒಬ್ಬನೇ. ಆದರೂ ಒಂದು ಮಾತು ಹೇಳಲೇಬೇಕು. ರಾಯಭಾರಿ ಕಚೇರಿಯ ಪಾರ್ಟಿ ಹಂತ ಬರುತ್ತಲ್ಲ, ಅಲ್ಲಿ ಗನ್ ತೆಗೆದರೆ ಕೆಟ್ಟಿರಿ. ನಗುತ್ತಾ ನಿಂತವರ ನಡುವೆ ನಡೆದು, ಒಬ್ಬನ ಮುಖ ನಕಲು ಮಾಡಿಕೊಂಡು ಒಳಗೆ ಹೋಗಬೇಕು. ಪಾರ್ಲರಿನಲ್ಲಿ ಉಳಿದ ಹುಡುಗರೆಲ್ಲ ಫುಟ್ಬಾಲು, ಕುಸ್ತಿ ಆಡುತ್ತಿದ್ದರು. ನಾನು ಅರ್ಧ ಗಂಟೆ ಪಾರ್ಟಿಯಲ್ಲಿ ಸುಮ್ನೆ ಓಡಾಡುತ್ತಿದ್ದೆ. ‘ದುಡ್ಡು ಕೊಟ್ಟು ವಾಕಿಂಗ್ ಮಾಡ್ತಾನೆ ನೋಡ್ರೋ’ ಅಂತ ನಗುತ್ತಿದ್ದರು.

1997ರಲ್ಲಿ ಬಾಂಡ್‌ನ ‘ಗೋಲ್ಡನ್‌ಐ’ ಗೇಮ್ ಬಂದು ಜಗತ್ತೇ ಮರುಳಾಗಿತ್ತು. ಎಲ್ಲರೂ ಇದರಲ್ಲೂ ಗುಂಡು ಹಾರಿಸಲು ಬಂದರು, ಇದು ನಡೆಯಿರಿ ಅಂದಿತು. ಸೋತಿತು ಅಂತ ಹೇಳಲ್ಲ. ಅದರಷ್ಟು ಮನೆಮಾತಾಗಲಿಲ್ಲ ಅಷ್ಟೆ.

2003ರ ‘ಆಪರೇಷನ್ ಸುರ್ಮಾ’ ಗೇಮಿನಲ್ಲಿ ತಂಡದ ಲೂಥರ್‌ಗೆ ಸಿನಿಮಾದಲ್ಲಿ ಆ ಪಾತ್ರ ಮಾಡುವ ವಿಂಗ್ ರೇಮ್ಸ್ ತಾನೇ ದನಿ ಕೊಟ್ಟಿದ್ದಾನೆ, ಈಥನ್‌ಗೆ ಮಾತ್ರ ಕ್ರೂಸ್‌ನ ಮುಖವೂ ಇಲ್ಲ, ದನಿಯೂ ಇಲ್ಲ. ನಿಜವಾಗಿ ವಿಮಾನಕ್ಕೆ ನೇತಾಡುವ ಮನುಷ್ಯ ಗೇಮಿಗೆ ಮುಖ ಕೊಡಲಿಲ್ಲ ನೋಡಿ.

ತಿಪಟೂರು ಎಕ್ಸ್‌ಪ್ರೆಸ್

ಮುಖವಾಡ ಹಾಕಿಕೊಂಡೇ ಓಡಾಡೋ ಸರಣಿ ಇದು, ಬೇರೆ ಮುಖ ಇದ್ದರೇನು ಗುರು 😄

ಒಂಬತ್ತು ಒಂಬತ್ತು ಒಂಬತ್ತು

ತಡವಾಗಿ ಬಂದೆ. ನನ್ನ ಹೆಸರು ನೋಡಿದರೆ ನಾನು ಯಾವ ಪಾರ್ಟಿ ಅಂತ ಗೊತ್ತಾಗಿರಬೇಕು.

ಅಮೆರಿಕದಲ್ಲಿ ಈ ಟಿವಿ ಸರಣಿ ಓಡುತ್ತಿದ್ದಾಗಲೇ, 1968ರಲ್ಲಿ, ನಮ್ಮಲ್ಲಿ ‘ಜೇಡರ ಬಲೆ’ ಬಂತು. ಡಾ. ರಾಜ್ ಸಿಐಡಿ 999, ನಿರ್ದೇಶನ ದೊರೈ-ಭಗವಾನ್. ಅದೇ ವರ್ಷ ಗೋವಾದಲ್ಲಿ 999, ಮರುವರ್ಷ ಜಾಕ್‌ಪಾಟ್‌ನಲ್ಲಿ 999, 1978ರಲ್ಲಿ ಡೈಮಂಡ್ ರಾಕೆಟ್. ಒಟ್ಟು ನಾಲ್ಕು. ನಂಬರ್ ನೋಡಿದರೇ ಯಾರ ದಾರಿ ಅಂತ ತಿಳಿಯುತ್ತೆ, 007. ಕೋಟು, ಗನ್ನು, ಹಾಡು, ಒಬ್ಬನೇ ಹೀರೋ. ನಮ್ಮ ಜನಕ್ಕೆ ಅದು ಅನ್ನದಷ್ಟು ಸಲೀಸಾಗಿ ಒಗ್ಗಿತು.

ಗೆಲ್ಲರ್ ಮಾದರಿ ಮಾತ್ರ ನಮ್ಮಲ್ಲಿಗೆ ಬರಲೇ ಇಲ್ಲ. ಯಾಕೆ ಬರುತ್ತೆ ಹೇಳಿ? ನಾಲ್ಕು ಜನ ಸೇರಿ ಕೆಲಸ ಮಾಡಿ, ಯಾರೂ ಹೆಚ್ಚಲ್ಲ, ಯಾರಿಗೂ ಹಾಡಿಲ್ಲ, ಕೊನೆಗೆ ಗಾಡಿ ಹತ್ತಿ ಹೋಗುವುದು ಅಂದರೆ ಯಾವ ನಿರ್ಮಾಪಕ ದುಡ್ಡು ಹಾಕ್ತಾನೆ? ಅಭಿಮಾನಿಗಳು ಕಟೌಟ್ ಯಾರದ್ದು ನಿಲ್ಲಿಸೋದು? ನನ್ನ ಪ್ರಕಾರ 1996ರಲ್ಲಿ ಪ್ಯಾರಾಮೌಂಟ್ ಮಾಡಿದ್ದೂ ಇದೇ ಲೆಕ್ಕ. ಕಟೌಟ್ ನಿಲ್ಲಿಸಲು ಒಬ್ಬ ಬೇಕಿತ್ತು. ಕ್ರೂಸ್ ಅದರ ನಿರ್ಮಾಪಕರಲ್ಲಿ ಒಬ್ಬ ಅನ್ನೋದನ್ನೂ ಮರೀಬೇಡಿ.

ಕ್ಯಾಲಿಫೋರ್ನಿಯಾ ಅಜ್ಜ

ಕಟೌಟ್ ನಿಲ್ಲಿಸಲಿ, ಬೇಡ ಅನ್ನುವುದಿಲ್ಲ. ಆದರೆ ಮನೆ ಯಜಮಾನನನ್ನು ಕಳ್ಳ ಮಾಡಬೇಕಿತ್ತಾ?

1996ರ ಸಿನಿಮಾದಲ್ಲಿ ಜಿಮ್ ಫೆಲ್ಪ್ಸೇ ದ್ರೋಹಿ. ಆರು ವರ್ಷ ವಾರ ವಾರ ಟಿವಿಗೆ ಬಂದ ಮನುಷ್ಯ. 1988ರಲ್ಲಿ ಸರಣಿ ಮತ್ತೆ ಬಂದಾಗಲೂ ಅದೇ ಪೀಟರ್ ಗ್ರೇವ್ಸ್, ಕೂದಲು ಬೆಳ್ಳಗಾಗಿತ್ತು ಅಷ್ಟೆ. ಸಿನಿಮಾಗೂ ಕರೆದಾಗ ಅವರು ಒಪ್ಪಲಿಲ್ಲ. ಜಾನ್ ವಾಯ್ಟ್ ಮಾಡಿದರು. ಚೆನ್ನಾಗಿಯೇ ಮಾಡಿದರು, ಅದಲ್ಲ ಪ್ರಶ್ನೆ. ನಾನು, ನನ್ನ ಹೆಂಡತಿ, ಆಗ ಹೈಸ್ಕೂಲಿನಲ್ಲಿದ್ದ ಮಗ ಮೂವರೂ ಹೋಗಿದ್ದೆವು. ಮಗನಿಗೆ ಬಹಳ ಖುಷಿ. ನಾನು ಮನೆ ತಲುಪುವವರೆಗೆ ಮಾತಾಡಲಿಲ್ಲ. ‘ಏನಾಯ್ತು ಅಪ್ಪ’ ಅಂತ ಕೇಳಿದ. ‘ಗೊತ್ತಿರುವವರು ಯಾರೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗಾಯಿತು’ ಅಂದೆ. ಅವನಿಗೆ ನಗು.

ಒಳ್ಳೆಯ ತಿರುವು ಬೇಕಿತ್ತು ಅಂದರೆ ಹೊಸ ಹೆಸರಿನ ಮುದುಕನನ್ನು ತರಬಹುದಿತ್ತು.

ಹಳೇ ಪ್ರೊಜೆಕ್ಟರ್

ಹೊಸ ಹೆಸರಿನವನು ದ್ರೋಹ ಮಾಡಿದರೆ ಯಾರಿಗೆ ನೋವಾಗುತ್ತಿತ್ತು ಅಜ್ಜ? ನಿರ್ದೇಶಕ ಬ್ರಯನ್ ಡಿ ಪಾಲ್ಮ ಹೊಡೆದದ್ದು ನೋವಾಗುವ ಜಾಗ ನೋಡಿಯೇ. ಮೊದಲ ಅರ್ಧ ಗಂಟೆಯಲ್ಲೇ ಪ್ರಾಗ್‌ನಲ್ಲಿ ಹೆಚ್ಚುಕಡಿಮೆ ಇಡೀ ತಂಡವನ್ನು ಸಾಯಿಸುತ್ತಾರೆ. ‘ತಂಡ ಮುಗಿಯಿತು, ಇನ್ನು ಮೇಲೆ ಇವನೊಬ್ಬನೇ’ ಅಂತ ಬೋರ್ಡು ಹಾಕಿದ ಹಾಗೆ. ಕೋಪ ಬಂದರೂ ಜಾಣತನ ಅನ್ನಲೇಬೇಕು.

ಪೇಡೆ ಪ್ರಿಯ

ಪ್ರೊಜೆಕ್ಟರ್ ಸಾಹೇಬರ, ಈಗ ನೀವೇ ಎಡವಿದ್ರಿ. ತಂಡ ಮುಗೀತು ಅಂತೀರಿ, ಆದರೆ ಅದೇ ಸಿನಿಮಾದ ಸಿಐಎ ತಿಜೋರಿ ಕೋಣೆಯ ದೃಶ್ಯ ಮತ್ತೊಮ್ಮೆ ನೋಡ್ರಿ. ನಾನು ನಿನ್ನೆ ರಾತ್ರಿ ಅದೊಂದನ್ನೇ ಮೂರು ಸಲ ನೋಡಿದೆ.

ಶಬ್ದ ಆದರೆ ಅಲಾರಂ. ಕೋಣೆ ಸ್ವಲ್ಪ ಬೆಚ್ಚಗಾದರೆ ಅಲಾರಂ. ನೆಲಕ್ಕೆ ಒಂದು ಹನಿ ಬಿದ್ದರೂ ಅಲಾರಂ. ಹಿನ್ನೆಲೆ ಸಂಗೀತ ಇಲ್ಲ. ಮೇಲೆ ಕೊಳವೆಯಲ್ಲಿ ಹಗ್ಗ ಹಿಡಿದವನು ಜಾನ್ ರೆನೊ ಮಾಡಿದ ಕ್ರೀಗರ್. ಅವನ ಮುಂದೆ ಒಂದು ಇಲಿ ಬರುತ್ತದೆ. ಕೆಳಗೆ ಈಥನ್ ನೆಲದಿಂದ ಒಂದು ಗೇಣಿನ ಮೇಲೆ ಕೈಕಾಲು ಚಾಚಿ ನಿಂತುಬಿಡುತ್ತಾನೆ. ಕನ್ನಡಕದ ಮೇಲೆ ಬೆವರು ಇಳಿದು ಇಳಿದು ಅಂಚಿಗೆ ಬರುತ್ತದೆ, ಹನಿ ಬೀಳುತ್ತದೆ, ಅಂಗೈ ಅಡ್ಡ ಬರುತ್ತದೆ. ಆ ಹೊತ್ತಿಗೆ ನಾನು ಕುರ್ಚಿಯಲ್ಲಿ ಉಸಿರು ಹಿಡಿದಿದ್ದೆ, ಮೂರನೇ ಸಲವೂ!

ಇದರಾಗ ಒಬ್ಬ ಹೀರೋ ಎಲ್ಲಿದ್ದಾನ್ರೀ? ಹಗ್ಗದವನ ಕೈ ಜಾರಿದರೆ ಮುಗೀತು. ಕಂಪ್ಯೂಟರ್ ಮುಂದೆ ಕೂತ ಲೂಥರ್ ತಡ ಮಾಡಿದರೆ ಮುಗೀತು. ಅಲ್ಲಿಯ ಗುಮಾಸ್ತನ ಕಾಫಿಯಲ್ಲಿ ಮದ್ದಿನ ಹನಿ ಹಾಕಿದ ಕ್ಲೇರ್ ಕೈ ನಡುಗಿದ್ದರೆ ಮೊದಲೇ ಮುಗೀತಿತ್ತು.

ಶೂಟಿಂಗ್‌ನಲ್ಲಿ ಕ್ರೂಸ್ ತೂಕ ತಪ್ಪಿ ಪ್ರತಿ ಸಲ ಮುಖ ನೆಲಕ್ಕೆ ಬಡಿಯುತ್ತಿತ್ತಂತೆ. ಕೊನೆಗೆ ಸೆಟ್ಟಿನಲ್ಲಿದ್ದವರ ಹತ್ತಿರ ಚಿಲ್ಲರೆ ನಾಣ್ಯ ಇಸಿದುಕೊಂಡು ಶೂಗಳಲ್ಲಿ ತುಂಬಿಕೊಂಡ ಮೇಲೆ ತೂಕ ಸರಿಹೋಯಿತು. ಕೋಟಿಗಟ್ಟಲೆ ಖರ್ಚಿನ ಸಿನಿಮಾ, ತಕ್ಕಡಿ ಸರಿ ಮಾಡಿದ್ದು ಚಿಲ್ಲರೆ!

ಹಳೇ ಪ್ರೊಜೆಕ್ಟರ್

ಸರಿ, ಈ ಏಟು ತಗೊಂಡೆ. ಇದಕ್ಕೆ ಇನ್ನೊಂದು ಎಳೆ ಸೇರಿಸುತ್ತೇನೆ, ನನ್ನ ವಾದಕ್ಕೇ ಪೆಟ್ಟು ಬಿದ್ದರೂ ಪರವಾಗಿಲ್ಲ. ಗೆಲ್ಲರ್‌ಗೆ ಈ ಸರಣಿಯ ಹೊಳಹು ಸಿಕ್ಕಿದ್ದೇ 1964ರ ‘ಟಾಪ್‌ಕಾಪಿ’ ಅನ್ನುವ ಸಿನಿಮಾದಿಂದ. ಇಸ್ತಾಂಬುಲ್ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಗುಂಪು ಕಳ್ಳತನ ಮಾಡುವ ಕಥೆ. ಅದರಲ್ಲೂ ನೆಲ ಮುಟ್ಟುವ ಹಾಗಿಲ್ಲ. ಮೇಲಿಂದ ಒಬ್ಬನನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಾರೆ, ಹಗ್ಗ ಹಿಡಿದವರ ಮೇಲೆ ಎಲ್ಲ ನಿಂತಿದೆ. ಡಿ ಪಾಲ್ಮ ಸರಣಿಯ ಬೇರಿಗೇ ಹೋಗಿ ಒಂದು ಕೊಂಬೆ ಕಿತ್ತು ತಂದಿದ್ದಾನೆ.

ಜಾಯ್‌ಸ್ಟಿಕ್ ಜಗಳಗಂಟ

ಆ ಗೇಮ್‌ನಲ್ಲೂ ತಿಜೋರಿ ಹಂತ ಇದೆ. ನಾನು ಹಗ್ಗದಲ್ಲಿ ಇಳಿಯುವಾಗಲೇ ಪಾರ್ಲರಿನವನು ‘ಟೈಮ್ ಆಯ್ತು’ ಅಂದಿದ್ದ. ಆ ನೋವು ಇಂದಿಗೂ ಇದೆ.

ತಿಪಟೂರು ಎಕ್ಸ್‌ಪ್ರೆಸ್

ಎರಡು ದಿನ ಕೂತು ಟಿವಿ ಸರಣಿಯ ಐದು ಕಂತು ನೋಡಿದೆ. ಅಜ್ಜನ ಮೇಲಿನ ಗೌರವಕ್ಕೆ. ಮೊದಲು ಒಪ್ಪಿಕೊಳ್ಳೋದನ್ನ ಒಪ್ಪಿಕೊಂಡುಬಿಡ್ತೀನಿ.

ಒಂದು, ಬಾರ್ಬರಾ ಬೇನ್. ಸಿನಮನ್ ಕಾರ್ಟರ್ ಪಾತ್ರಕ್ಕೆ ಸತತ ಮೂರು ವರ್ಷ ಎಮ್ಮಿ ಪ್ರಶಸ್ತಿ ಗೆದ್ದಿದ್ದಾರೆ ಅಂತ ಓದಿದಾಗ ನಂಬಲಿಲ್ಲ, ನೋಡಿದ ಮೇಲೆ ನಂಬಿದೆ. ಒಂದು ಹುಬ್ಬು ಎತ್ತಿದರೆ ಸಾಕು, ಎದುರಿಗಿದ್ದ ಜನರಲ್ ಎಲ್ಲ ಕಕ್ಕಿಬಿಡ್ತಾನೆ.

ಎರಡು, ಬೋರ್ಡುಗಳು. ಕಥೆಯೆಲ್ಲ ಯಾವುದೋ ಕಾಲ್ಪನಿಕ ದೇಶದಲ್ಲಿ ನಡೆಯುತ್ತಲ್ಲ, ಅಲ್ಲಿಯ ಭಾಷೆ ನೋಡುಗರಿಗೂ ಅರ್ಥ ಆಗಬೇಕು, ವಿದೇಶಿ ಥರವೂ ಕಾಣಬೇಕು. ಅದಕ್ಕೆ ‘ಝೋನಾ ರೆಸ್ಟ್ರಿಕ್’ ಅಂತ ಬೋರ್ಡು! ಅಭಿಮಾನಿಗಳು ಇದಕ್ಕೆ ‘ಗೆಲ್ಲರೀಸ್’ ಭಾಷೆ ಅಂತಾರಂತೆ. ನಾನು ಹಾಸ್ಟೆಲ್ ರೂಮಿನ ಬಾಗಿಲಿಗೆ ಇದನ್ನೇ ಬರೆದು ಅಂಟಿಸಿದ್ದೀನಿ.

ಮೂರು. ಇದಕ್ಕೆ ಸರಿಯಾಗಿ ಕೂತ್ಕೊಳ್ಳಿ. ಮೊದಲ ಸೀಸನ್ನಿನ ‘ಆಪರೇಷನ್ ರೊಗೋಷ್’ ನೋಡಿದೆ. ರೊಗೋಷ್ ಅನ್ನೋನು ಲಾಸ್ ಏಂಜಲಿಸ್‌ನಲ್ಲಿ ರೋಗಾಣು ಇಟ್ಟಿದ್ದಾನೆ, ಎಲ್ಲಿ ಅಂತ ಬಾಯಿ ಬಿಡಲ್ಲ. ಹೊಡೆದರೂ ಹೇಳೋ ಆಸಾಮಿ ಅಲ್ಲ. ತಂಡ ಏನು ಮಾಡುತ್ತೆ ಅಂದರೆ ಅವನ ಪ್ರಜ್ಞೆ ತಪ್ಪಿಸಿ, ಎಬ್ಬಿಸುವಾಗ ಒಂದು ಜೈಲಿನಲ್ಲಿ ಎಬ್ಬಿಸುತ್ತೆ. ಮೂರು ವರ್ಷ ಕಳೆದುಹೋಗಿದೆ, ನೀನು ನಿನ್ನದೇ ದೇಶದ ಜೈಲಿನಲ್ಲಿದ್ದೀಯ ಅಂತ ನಂಬಿಸುತ್ತೆ. ಮುಗಿದುಹೋದ ವಿಷಯ ತಾನೇ ಅಂತ ಅವನೇ ಹೇಳಿಬಿಡ್ತಾನೆ.

ಇದನ್ನ ನೋಡ್ತಾ ನೋಡ್ತಾ ನನಗೆ ಮೈ ಜುಂ ಅಂತು. ‘ಫಾಲ್‌ಔಟ್’ ಶುರುವಿನಲ್ಲಿ ಆಸ್ಪತ್ರೆ ಕೋಣೆ ದೃಶ್ಯ ನೆನಪಿದೆಯಾ? ವಿಜ್ಞಾನಿ ಮಂಚದ ಮೇಲೆ, ಟಿವಿಯಲ್ಲಿ ವುಲ್ಫ್ ಬ್ಲಿಟ್ಜರ್ ಸುದ್ದಿ ಓದ್ತಿದ್ದಾನೆ, ಬಾಂಬುಗಳು ಸಿಡಿದು ಆಗಲೇ ಎಲ್ಲ ಮುಗಿದಿದೆ. ವಿಜ್ಞಾನಿ ಖುಷಿಯಿಂದ ಗುಟ್ಟು ಬಿಡ್ತಾನೆ. ತಕ್ಷಣ ನಾಲ್ಕೂ ಗೋಡೆ ಧೊಪ್ ಅಂತ ಬೀಳುತ್ತೆ. ಒಳಗೆ ಬಂದ ಬ್ಲಿಟ್ಜರ್ ಮುಖ ಕಿತ್ತರೆ ಈಥನ್ ತಂಡದ ಬೆಂಜಿ! ಥಿಯೇಟರಿನಲ್ಲಿ ನಾನು ಶಿಳ್ಳೆ ಹಾಕಿದ್ದು ಹೆಲಿಕಾಪ್ಟರಿಗಲ್ಲ, ಈ ಗೋಡೆಗೆ. ಅದು 52 ವರ್ಷ ಹಳೇ ಟೋಪಿ ಅಂತ ಆಗ ಗೊತ್ತಿರಲಿಲ್ಲ.

ಕ್ಯಾಲಿಫೋರ್ನಿಯಾ ಅಜ್ಜ

ಶಹಭಾಷ್ ಮರಿ! ಐದು ಕಂತಿಗೆ ಇಷ್ಟು. ಉಳಿದ 166 ಯಾವಾಗ?

ಮೃದಂಗದ ಮನೆ

‘ಘೋಸ್ಟ್ ಪ್ರೊಟೊಕಾಲ್’ ಸಿನಿಮಾದ ದುಬೈ ಬುರ್ಜ್ ಖಲೀಫಾ ಪ್ರಸಂಗವೂ ಹಾಗೇ ಅಲ್ವಾ? ಎಲ್ಲರಿಗೂ ನೆನಪಿರುವುದು 828 ಮೀಟರ್ ಕಟ್ಟಡದ ಗಾಜಿನ ಮೇಲೆ ಕ್ರೂಸ್ ಹತ್ತುವುದು. ನನಗೆ ಅದರ ನಂತರದ್ದೇ ಇಷ್ಟ. ಮುಖವಾಡ ಮಾಡುವ ಯಂತ್ರ ಕೆಟ್ಟುಹೋಗುತ್ತೆ. ಮಾರುವವಳು ಒಂದು ಕೋಣೆ, ಕೊಳ್ಳುವವನು ಇನ್ನೊಂದು ಮಹಡಿಯ ಕೋಣೆ. ಇಬ್ಬರಿಗೂ ತಾವು ಒಬ್ಬರನ್ನೊಬ್ಬರು ಭೇಟಿಯಾಗಿದ್ದೇವೆ ಅನ್ನುವ ಭ್ರಮೆ. ಎರಡು ಕಡೆಯೂ ನಮ್ಮವರೇ, ತಮ್ಮ ಸ್ವಂತ ಮುಖದಲ್ಲಿ! ಮಧ್ಯೆ ಬೆಂಜಿ ಹೋಟೆಲ್ ಹುಡುಗನ ವೇಷದಲ್ಲಿ ಮೇಲೆ ಕೆಳಗೆ ಓಡಾಡುತ್ತಾನೆ. ಇದು ಶುದ್ಧ 1966.

ಆಮೇಲೆ ಮುಂಬೈಗೆ ಬಂದಾಗ ಸನ್ ನೆಟ್‌ವರ್ಕ್ ಲೋಗೋ ಕಂಡದ್ದಕ್ಕೆ ನಮ್ಮ ಸಾಲಿನಲ್ಲಿ ಯಾರೋ ‘ಇನ್ನು ಧಾರಾವಾಹಿ ಶುರು’ ಅಂದರು. ಇಡೀ ಥಿಯೇಟರ್ ನಕ್ಕಿತು.

ಒಂಬತ್ತು ಒಂಬತ್ತು ಒಂಬತ್ತು

ಮುಂಬೈ ಅಂತ ತೋರಿಸಿದ ಆ ಕಾರ್ ಪಾರ್ಕಿಂಗ್ ಕಟ್ಟಿದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಫಾಲ್‌ಔಟ್‌ನ ಕಾಶ್ಮೀರ ನ್ಯೂಜಿಲೆಂಡಿನದು. ಅದರ ನಕ್ಷೆಗೂ ನಮ್ಮ ಸೆನ್ಸಾರ್ ಕತ್ತರಿ ಆಡಿಸಿತು. ಅಂತೂ ಭಾರತ ಎರಡು ಸಲ ಬಂದಿದೆ, ಭಾರತದ ಮಣ್ಣು ಮಾತ್ರ ಕಡಿಮೆ.

ಇನ್ನೊಂದು ಹೊಟ್ಟೆಯುರಿ ಇದೆ. ಕೊನೆಯ ಎರಡು ಸಿನಿಮಾ ಇಂಗ್ಲಿಷ್ ಜತೆಗೆ ಹಿಂದಿ, ತಮಿಳು, ತೆಲುಗಲ್ಲಿ ಬಂತು. ಕನ್ನಡ? ಡಬ್ಬಿಂಗ್ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿ ದಂಡ ಹಾಕಿತು. ‘ಅವತಾರ್’ ಎರಡನೆಯದು ಕನ್ನಡದಲ್ಲಿ ಬಂತು. ನೀಲಿ ಜನ ಕನ್ನಡ ಮಾತಾಡಬಹುದು, ಈಥನ್ ಹಂಟ್ ಮಾತಾಡಬಾರದಾ?

ಪೇಡೆ ಪ್ರಿಯ

ಮಾತಾಡೋದು ಎಲ್ಲೈತ್ರೀ, ಬರೀ ಓಡ್ತಾನ. ಡಬ್ಬಿಂಗ್ ಖರ್ಚು ಬಹಳ ಆಗಲ್ಲ.

(ನಮ್ಮ ತಾಯಿಗೆ ತೆಲುಗು ಆವೃತ್ತಿ ತೋರಿಸಿದೆ. ತೆಲುಗು ಬರಲ್ಲ. ಆದರೂ ಪೂರ್ತಿ ಅರ್ಥ ಆಯ್ತು ಅಂದರು. ‘ಆ ಕೀಲಿ ಕೊಟ್ಟರೆ ಮುಗೀತಿತ್ತು, ಯಾಕ ಅಷ್ಟು ದೂರ ಹೋದ’ ಅಂತ ಒಂದೇ ಪ್ರಶ್ನೆ.)

ಜಾಯ್‌ಸ್ಟಿಕ್ ಜಗಳಗಂಟ

ನಿಮ್ಮ ತಾಯಿ ಕೊನೆಯ ಎರಡು ಸಿನಿಮಾದ ವಿಮರ್ಶೆ ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದಾರೆ.

ನನಗೂ ಅಲ್ಲೇ ಬೇಸರ. ಎದುರಾಳಿ ಒಂದು ಕಂಪ್ಯೂಟರ್ ಬುದ್ಧಿ, ಎಂಟಿಟಿ. ಅದಕ್ಕೆ ಟೋಪಿ ಹಾಕುವುದು ಹೇಗೆ? ಅದಕ್ಕೆ ಆಸೆ ಇಲ್ಲ, ಹೆದರಿಕೆ ಇಲ್ಲ, ಜಂಬ ಇಲ್ಲ. ರೊಗೋಷ್‌ಗೆ ಜಂಬ ಇತ್ತು, ಅದಕ್ಕೇ ಸಿಕ್ಕಿಬಿದ್ದ. ಮೋಸ ಹೋಗಲು ಮನುಷ್ಯ ಬೇಕು. ಅದಿಲ್ಲದ ಮೇಲೆ ಎಲ್ಲರೂ ಸುತ್ತ ನಿಂತು ಈಥನ್ ಎಂಥ ಮಹಾನುಭಾವ ಅಂತ ಹೊಗಳುವುದೇ ಕೆಲಸ. ಈಥನ್ ಜತೆಗಾತಿ ಇಲ್ಸಾಳನ್ನು ಸಾಯಿಸಿದ್ದಕ್ಕಂತೂ ನಾನು ಕ್ಷಮಿಸಿಲ್ಲ.

ತಿಪಟೂರು ಎಕ್ಸ್‌ಪ್ರೆಸ್

ಕೊನೆಯದರಲ್ಲಿ ವಿಮಾನದ ದೃಶ್ಯ ಆದರೂ? ಪುಟ್ಟ ವಿಮಾನದ ರೆಕ್ಕೆ ಮೇಲೆ ಗಾಳಿಗೆ ಕೆನ್ನೆ ಹಿಂದಕ್ಕೆ ಹೋಗಿರುತ್ತಲ್ಲ, ಅದು ಕಂಪ್ಯೂಟರಿನದಲ್ಲ. ಹೊತ್ತಿ ಉರಿಯುವ ಪ್ಯಾರಾಚೂಟ್ ಕಟ್ಟಿಕೊಂಡು 16 ಸಲ ಹಾರಿದ್ದಾನೆ, ಗಿನ್ನೆಸ್ ದಾಖಲೆ. ಹುಟ್ಟಿದ್ದು 1962ರಲ್ಲಿ. ಅಜ್ಜನ ಟಿವಿ ಸರಣಿ ಶುರುವಾದಾಗ ಅವನಿಗೆ ನಾಲ್ಕು ವರ್ಷ. ಇಷ್ಟಕ್ಕಾದರೂ ಒಂದು ನಮಸ್ಕಾರ ಹಾಕಿ.

ಕ್ಯಾಲಿಫೋರ್ನಿಯಾ ಅಜ್ಜ

ಹಾಕಿದೆ. ನನಗೆ ಮೆಟ್ಟಿಲು ಹತ್ತುವುದೇ ಸಾಹಸ.

ಹಳೇ ಪ್ರೊಜೆಕ್ಟರ್

ಮುಂದೆ ಓದುವವರಿಗೆ: ಕೊನೆಯ ಸಿನಿಮಾ ನೋಡದಿದ್ದರೆ ಇಲ್ಲಿಗೇ ನಿಲ್ಲಿಸಿ, ಗುಟ್ಟು ಬಿಡುತ್ತಿದ್ದೇನೆ.

ಪೇಡೆ ಪ್ರಿಯ ಅವರು ತಿಜೋರಿ ಕೋಣೆ ನೆನಪಿಸಿದಾಗಿನಿಂದ ಒಂದು ಮಾತು ಹೇಳಬೇಕು ಅಂತಿದ್ದೆ. ಆ ಕೋಣೆಯಲ್ಲಿ ದಿನಾ ಕೆಲಸ ಮಾಡುವ ಗುಮಾಸ್ತ ಒಬ್ಬನಿದ್ದನಲ್ಲ, ಕಾಫಿ ಕುಡಿದು ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದವನು. ವಿಲಿಯಂ ಡನ್ಲೋ. ಪಾಪ, ಅವನ ತಪ್ಪು ಏನೂ ಇರಲಿಲ್ಲ. ವಾಪಸ್ ಬಂದು ನೋಡಿದರೆ ಟೇಬಲ್ ಮೇಲೆ ಒಂದು ಚಾಕು ನೆಟ್ಟಿದೆ. ಅವತ್ತೇ ಮೇಲಧಿಕಾರಿ ‘ಇವನನ್ನು ಅಲಾಸ್ಕಾಗೆ ಕಳಿಸಿ, ಬಟ್ಟೆಬರೆ ಆಮೇಲೆ ಅಂಚೆಯಲ್ಲಿ ಕಳಿಸಿದರಾಯ್ತು’ ಅಂತಾನೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕಿದ್ದೆವು. ನಮ್ಮ ಇಲಾಖೆಗಳಲ್ಲೂ ಹೀಗೆ ಎಷ್ಟೋ ಜನ ಗಡಿ ತಾಲೂಕಿಗೆ ವರ್ಗ ಆಗಿ ಹೋಗಿದ್ದಾರೆ ಅಂತ ಆಗ ಹೊಳೆಯಲಿಲ್ಲ.

29 ವರ್ಷ ಕಳೆದು ಕೊನೆಯ ಸಿನಿಮಾದಲ್ಲಿ ಬೇರಿಂಗ್ ಸಮುದ್ರದ ಒಂದು ಹಿಮದ ದ್ವೀಪ. ಬಾಗಿಲು ತೆರೆದರೆ ಅವನೇ. ಅದೇ ನಟ, ರೋಲ್ಫ್ ಸ್ಯಾಕ್ಸನ್, ಮುಖದ ತುಂಬ ಗಡ್ಡ. ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ ನೆಮ್ಮದಿಯಾಗಿದ್ದಾನೆ. ಈಥನ್ ಮೇಲೆ ಸಿಟ್ಟೂ ಇಲ್ಲ. ಕೆಲಸ ಬಲ್ಲವನು, ಅದಕ್ಕೇ ಕೊನೆಯ ಹೊತ್ತಿನಲ್ಲಿ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ.

ವಿಮಾನ ನೋಡಿ ನನಗೆ ಏನೂ ಆಗಲಿಲ್ಲ ತಿಪಟೂರು. ಇವನು ಬಾಗಿಲಲ್ಲಿ ನಿಂತಾಗ ಮಾತ್ರ ಉಳುಕಿದ ಕಾಲು ಮರೆತು ಎದ್ದು ನಿಂತುಬಿಟ್ಟೆ. ಮತ್ತೆ ನಾಲ್ಕು ದಿನ ಜಾಸ್ತಿ ಮಲಗಬೇಕಾಯಿತು.

ಪೇಡೆ ಪ್ರಿಯ

ಸಾಹೇಬರ, ಫೋಲ್ಡರಿಗೆ ಡನ್ಲೋ ಫೋಟೋನೂ ಸೇರಿಸ್ರಿ ಹಂಗಾದರ.

ಹಳೇ ಪ್ರೊಜೆಕ್ಟರ್

ಸೇರಿಸಿದೆ. ಬಾರ್ನಿ ಪಕ್ಕದಲ್ಲಿ.